ಬೇಕರ್ ಬೀದಿಯ ಓನರಮ್ಮ

ಈಗ ಏನು ಬರೀತಿದ್ದೀರಿ ಎಂದು ಯಾರಾದರೂ ಕೇಳಿದರೆ ಕಥೆ ಎಂದುಬಿಡುತ್ತೇನೆ. ಅಲ್ಲಿಗೆ ಬಿಟ್ಟರೆ ಪುಣ್ಯ. ಎಂಥ ಕಥೆ, ಸಾಮಾಜಿಕವಾ ಎಂದು ಮುಂದುವರಿಸಿದರೆ ನಾಲಿಗೆ ತಡವರಿಸುತ್ತದೆ. ಷರ್ಲಾಕ್ ಹೋಮ್ಸ್ ಬಾಡಿಗೆಗಿದ್ದನಲ್ಲ, ಆ ಮನೆಯ ಓನರಮ್ಮನದು ಎಂದರೆ, ಓ ಅನುವಾದ ಅನ್ನುತ್ತಾರೆ. ಅಲ್ಲ, ನಾನೇ ಕಟ್ಟಿದ್ದು ಎಂದರೆ, ಹಾಗೆಲ್ಲ ಬರೀಬಹುದಾ, ಕೇಸು ಗೀಸು ಹಾಕಲ್ವಾ ಅನ್ನುತ್ತಾರೆ. ಇದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ, ಇಂಟರ್ನೆಟ್ಟಿನಲ್ಲಿ ಲಕ್ಷಾಂತರ ಜನ ಬರೆದು ಹಾಕುತ್ತಾರೆ, ಓದುತ್ತಾರೆ, ದುಡ್ಡಿನ ಮಾತೇ ಇಲ್ಲ ಎಂದು ವಿವರಿಸುವಷ್ಟರಲ್ಲಿ ಕೇಳಿದವರ ಕಣ್ಣು ತಮ್ಮ ಫೋನಿನ ಮೇಲಿರುತ್ತದೆ. ದುಡ್ಡಿಲ್ಲ ಅಂದ ಜಾಗದಲ್ಲೇ ಆಸಕ್ತಿಯೂ ಮುಗಿದಿರುತ್ತದೆ.

ಕೇಸಿನ ಭಯವಂತೂ ಬೇಡ. ಹೋಮ್ಸನ ಕಥೆಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಇದ್ದಾಗಲೂ ಅವನ್ನು ಬರೆದ ಕಾನನ್ ಡಾಯ್ಲ್ ಅಂಥ ಜಿಪುಣರಾಗಿರಲಿಲ್ಲ. ಹೋಮ್ಸನನ್ನು ರಂಗಕ್ಕೆ ತರಲು ಹೊರಟ ಅಮೆರಿಕದ ನಟ ವಿಲಿಯಂ ಜಿಲೆಟ್, ಅವನಿಗೊಂದು ಮದುವೆ ಮಾಡಿಸಲೇ ಎಂದು ತಂತಿ ಕಳಿಸಿದರಂತೆ. ಮದುವೆ ಮಾಡಿಸಿ, ಬೇಕಾದರೆ ಕೊಂದೂಬಿಡಿ, ನಿಮ್ಮಿಷ್ಟ ಎಂಬರ್ಥದ ಉತ್ತರ ಬಂತಂತೆ. ಆ ನಾಟಕ 1899ರಲ್ಲಿ ಬಂತು. ಕೊಲ್ಲುವ ಕೆಲಸವನ್ನು ಡಾಯ್ಲ್ ಸ್ವತಃ 1893ರಲ್ಲೇ ಮುಗಿಸಿದ್ದರು, ಅದು ಬೇರೆ ಮಾತು. ಅದೇ ವರ್ಷ ಅವರೂ ಜೆ.ಎಂ. ಬ್ಯಾರಿಯೂ ಸೇರಿ ಬರೆದ ಸಂಗೀತನಾಟಕವೊಂದು ಮಕಾಡೆ ಮಲಗಿತ್ತು. ಬ್ಯಾರಿ ಸುಮ್ಮನಿರದೆ, ನಮ್ಮ ನಾಟಕ ಯಾಕೆ ಬಿತ್ತು ಹೇಳಯ್ಯಾ ಎಂದು ಇಬ್ಬರು ಲೇಖಕರು ಹೋಮ್ಸನ ಬಾಗಿಲಿಗೆ ಬರುವ ಕಥೆ ಹೆಣೆದು ಗೆಳೆಯನಿಗೆ ಕಳಿಸಿದರು. ಡಾಯ್ಲ್ ಅದನ್ನು ಜೋಪಾನವಾಗಿಟ್ಟುಕೊಂಡು ಮುಂದೆ ತಮ್ಮ ಆತ್ಮಕಥೆಯಲ್ಲೇ ಸೇರಿಸಿದರು. ಮೂಲ ಲೇಖಕರೇ ಹೀಗೆ ಬಾಗಿಲು ತೆರೆದಿಟ್ಟರೆ ನನ್ನಂಥವಳು ಹೊಸ್ತಿಲಲ್ಲೇ ನಿಲ್ಲುತ್ತಾಳೆಯೇ?

ಡಾಯ್ಲ್ ಅವರಲ್ಲಿ ನನಗೆ ಅತಿ ಪ್ರಿಯವಾದ ಗುಣ ಅವರ ಮರೆವು. ಮೊದಲ ಕಾದಂಬರಿಯಲ್ಲಿ ಹೋಮ್ಸನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗಲಿದ್ದು ಹೆಗಲಿಗೆ. ಎರಡನೆಯದರ ಹೊತ್ತಿಗೆ ಗಾಯ ಕಾಲಿಗಿಳಿದಿದೆ. ವೈದ್ಯರ ಹೆಸರು ಜಾನ್, ಹೆಂಡತಿ ಒಮ್ಮೆ ಜೇಮ್ಸ್ ಎಂದು ಕರೆದುಬಿಡುತ್ತಾಳೆ. ಬೇರೆ ಯಾರಾದರೂ ಅಚ್ಚಿನ ತಪ್ಪು ಎಂದು ಪುಟ ತಿರುವುತ್ತಿದ್ದರು. ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಕೂತು ಒಂದು ಪ್ರಬಂಧವನ್ನೇ ಬರೆದರು: ವಾಟ್ಸನ್ ಹೆಸರಿನ ನಡುವಿನ 'ಎಚ್' ಅಂದರೆ ಹೇಮಿಷ್, ಅದು ಜೇಮ್ಸ್ ಎಂಬುದರ ಸ್ಕಾಟಿಷ್ ರೂಪ, ಹೆಂಡತಿ ಮುದ್ದಿಗೆ ಹಾಗೆ ಕರೆದಿದ್ದು ಎಂದು. ಒಂದಕ್ಷರದ ಎಡವಟ್ಟಿನಿಂದ ಗಂಡಹೆಂಡಿರ ಸರಸವನ್ನೇ ಹುಟ್ಟಿಸಿದ ಈ ಹೆಂಗಸು ನಮ್ಮ ಕುಲದೇವತೆ.

ನಾನು ಹಿಡಿದದ್ದು ಓನರಮ್ಮ ಹಡ್ಸನ್‌ಳನ್ನು. ಅದಕ್ಕೆ ಕಾರಣವಿದೆ. ಹೋಮ್ಸ್ ಒಂದು ದಿನ ಬೇಜಾರಾಗಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಪಿಸ್ತೂಲು ಹಾರಿಸಿ, ಎದುರಿನ ಗೋಡೆಯ ಮೇಲೆ ಗುಂಡಿನ ತೂತುಗಳಿಂದಲೇ ವಿಕ್ಟೋರಿಯಾ ರಾಣಿಯ ಹೆಸರಿನ ಎರಡಕ್ಷರ ಕೊರೆಯುತ್ತಾನೆ. ಬೆಂಗಳೂರಿನಲ್ಲಿ ಕ್ಯಾಲೆಂಡರಿಗೊಂದು ಮೊಳೆ ಹೊಡೆಯಲು ಓನರ್ ಅಪ್ಪಣೆ ಬೇಡಿದವಳು ನಾನು. ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವವರನ್ನು ಕಂಡವಳು. ಆ ಗೋಡೆ ನೋಡಿ ಆಕೆ ಏನಂದಳು? ಡಾಯ್ಲ್ ಹೇಳುವುದಿಲ್ಲ. ಬಾಡಿಗೆ ಧಾರಾಳವಾಗಿ ಕೊಡುತ್ತಿದ್ದ ಎಂದು ಇನ್ನೊಂದು ಕಥೆಯಲ್ಲಿ ತೇಲಿಸಿಬಿಡುತ್ತಾರೆ.

ಹೋಗಲಿ ಎನ್ನೋಣ. 1903ರಲ್ಲಿ ಬಂದ 'ಖಾಲಿ ಮನೆ' ಕಥೆಯನ್ನು ತೆಗೆದುಕೊಳ್ಳಿ. ಸತ್ತನೆಂದು ಮೂರು ವರ್ಷ ನಂಬಿದ್ದ ಬಾಡಿಗೆದಾರ ಏಕಾಏಕಿ ಎದುರು ನಿಂತಾಗ ಹಡ್ಸನ್ನಮ್ಮ ಕಿರುಚಾಡಿ ಕಂಗೆಡುತ್ತಾಳೆ. ಅದೇ ರಾತ್ರಿ ಆಕೆಗೆ ಕೆಲಸ ಹಚ್ಚಲಾಗುತ್ತದೆ. ಕಿಟಕಿಯ ಹತ್ತಿರ ಹೋಮ್ಸನ ಮೇಣದ ಬೊಂಬೆ, ಎದುರು ಮನೆಯ ಕತ್ತಲಲ್ಲಿ ಬಂದೂಕು ಹಿಡಿದ ಕೊಲೆಗಾರ. ಪರದೆಯ ಮೇಲೆ ತನ್ನ ನೆರಳು ಬೀಳದ ಹಾಗೆ ಆಕೆ ಮಂಡಿಯಲ್ಲಿ ತೆವಳಿಕೊಂಡು ಹೋಗಿ ಕಾಲು ಗಂಟೆಗೊಮ್ಮೆ ಬೊಂಬೆಯನ್ನು ಚೂರು ತಿರುಗಿಸಬೇಕು. ಕೊನೆಗೆ ಗುಂಡು ಬೊಂಬೆಯ ತಲೆ ಸೀಳಿ ಗೋಡೆಗೆ ಬಡಿದು ಬಿದ್ದಾಗ ಜಮಖಾನದ ಮೇಲಿಂದ ಅದನ್ನು ಹೆಕ್ಕಿ ಕೊಡುವವಳೂ ಆಕೆಯೇ. ಡಾಯ್ಲ್‌ಗೆ ಇದು ನಾಲ್ಕು ಸಾಲಿನ ಮಾತು, ಅವರು ಕೊಲೆಗಾರನ ಹಿಂದೆ ಓಡುತ್ತಾರೆ. ನಾನು ಮಂಡಿಯೂರಿದವಳ ಜೊತೆಯಲ್ಲೇ ಉಳಿದೆ. ಒಂದು ಸರದಿಗೂ ಇನ್ನೊಂದಕ್ಕೂ ನಡುವಿನ ಕಾಲು ಗಂಟೆಯಲ್ಲಿ ಆಕೆ ಏನು ಯೋಚಿಸಿರಬಹುದು? ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದಳೇ? ಮೂರು ವರ್ಷ ಈತನಿಗಾಗಿ ಅತ್ತದ್ದು ದಂಡ ಅನ್ನಿಸಿತೇ? ನನ್ನ ಇಡೀ ಕಥೆ ಆ ಜಮಖಾನ ಬಿಟ್ಟು ಮೇಲೇಳುವುದಿಲ್ಲ.

ಇಂಥ ಬರವಣಿಗೆಯ ದೊಡ್ಡ ಸುಖವೆಂದರೆ ಪರಿಚಯದ ಗೋಜಿಲ್ಲದಿರುವುದು. ಸ್ವಂತ ಕಥೆ ಬರೆಯುವಾಗ ನಾಯಕ ಯಾರು, ಎಂಥವನು ಎಂದು ನಂಬಿಸುವಷ್ಟರಲ್ಲೇ ನನಗೆ ಸುಸ್ತು. ಇಲ್ಲಿ ಓದುಗರು ನನಗಿಂತ ಮೊದಲೇ ಆ ಮನೆಯೊಳಗೆ ಬಂದು ಕೂತಿರುತ್ತಾರೆ. ನಮ್ಮ ಪುತ್ತೂರಿನ ಕಡೆ ತಾಳಮದ್ದಳೆಗೆ ಬರುವವರಿಗೂ ವಾಲಿ ಸಾಯುತ್ತಾನೆಂದು ಗೊತ್ತು. ಭಾಗವತರು ಹಾಡುವ ಪದ್ಯವೂ ಬಾಯಿಪಾಠ. ಆದರೂ ಬೆಳಗಿನ ತನಕ ಕೂರುವುದು, ಬಾಣ ತಿಂದು ಬಿದ್ದ ವಾಲಿ ಇವತ್ತು ರಾಮನನ್ನು ಏನೇನು ಕೇಳುತ್ತಾನೆ ನೋಡೋಣ ಎಂದು. ವೇಷವಿಲ್ಲ, ಕುಣಿತವಿಲ್ಲ, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮಾತಿನಲ್ಲೇ ರಾಮನ ಬೆವರಿಳಿಸುತ್ತಿದ್ದ. ಕಥೆಯ ಕೊನೆ ಬದಲಾಗುತ್ತಿರಲಿಲ್ಲ, ಮನೆಗೆ ಹೋಗುವಾಗ ನಾವು ಯಾರ ಪಕ್ಷ ಎಂಬುದು ಬದಲಾಗಿರುತ್ತಿತ್ತು.

ಫ್ಯಾನ್ ಫಿಕ್ಷನ್ ಎಂದರೆ ಮೂಗು ಮುರಿಯುವವರ ಮುಂದೆ ಕೆಲವರು ಪಂಪನನ್ನು ತಂದು ನಿಲ್ಲಿಸುತ್ತಾರೆ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಾಗಿಸಿ, ದ್ರೌಪದಿಯನ್ನು ಅವನೊಬ್ಬನಿಗೇ ಮದುವೆ ಮಾಡಿಕೊಟ್ಟವನು ಅವನು, ನಾವೂ ಅದೇ ವಂಶ ಎನ್ನುತ್ತಾರೆ. ನನಗೆ ಈ ಶಿಫಾರಸು ಪತ್ರ ಒಗ್ಗುವುದಿಲ್ಲ. ಪಂಪನಿಗೆ ದೊರೆ ಅಗ್ರಹಾರ ಕೊಟ್ಟ. ನಮಗೆ ಕಥೆಯ ಕೆಳಗೆ ಒಂದು ಹೃದಯದ ಗುರುತು ಒತ್ತುತ್ತಾರೆ. ಎರಡೂ ಬೇರೆ ಬೇರೆ ಆರ್ಥಿಕತೆ.

ಆ ಹೃದಯದ ರುಚಿ ಹತ್ತಿದವರಿಗೇ ಗೊತ್ತು. ಇಂಗ್ಲಿಷಿನಲ್ಲಿ ಇಂಥ ಕಥೆಗಳಿಗೆಂದೇ 'ಆರ್ಕೈವ್ ಆಫ್ ಅವರ್ ಓನ್' ಎಂಬ ಬೃಹತ್ ಉಗ್ರಾಣವಿದೆ. 2019ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂದದ್ದೇ ತಡ, ಅಲ್ಲಿ ಬರೆಯುವವರೆಲ್ಲ ತಾವೂ ಹ್ಯೂಗೋ ವಿಜೇತರು ಎಂದು ತಮಾಷೆಗೆ ಹೇಳಿಕೊಳ್ಳತೊಡಗಿ, ಪ್ರಶಸ್ತಿ ತಾಣಕ್ಕೆ ಮಾತ್ರ, ಬಿಡಿ ಕಥೆಗಳಿಗಲ್ಲ ಎಂದು ಪ್ರಶಸ್ತಿಯವರು ಸ್ಪಷ್ಟೀಕರಣ ಕೊಡಬೇಕಾಯಿತು. ಅಲ್ಲಿನ ಕಥೆಗಳ ತಲೆಯ ಮೇಲಿನ ಚೀಟಿಗಳೇ ಅರ್ಧ ಮನರಂಜನೆ. ಸತ್ತವರನ್ನು ಬದುಕಿಸಿದ್ದೇನೆ, ಪ್ರೀತಿ ನಿಧಾನಕ್ಕೆ ಹತ್ತಿಕೊಳ್ಳುತ್ತದೆ, ಎಲ್ಲರೂ ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಹೀಗೆ. ಮುಂಚಿತವಾಗಿ ಓದಿ ತಿದ್ದುವವರಿಗೆ ಬೀಟಾ ಎಂದು ಹೆಸರು. ಬೀಟಾ ಸಿಗದವರು, ನಾವು ತಿದ್ದುವವರಿಲ್ಲದೆ ವೀರಮರಣ ಹೊಂದುತ್ತೇವೆ ಎಂಬರ್ಥದ ಚೀಟಿ ಅಂಟಿಸಿ ಕಣಕ್ಕಿಳಿಯುತ್ತಾರೆ. ನಮ್ಮ ಪುಸ್ತಕಗಳಲ್ಲೂ ಕೆಲವಕ್ಕೆ ಈ ಚೀಟಿ ಒಪ್ಪುತ್ತದೆ. ಹೆಸರು ಹೇಳುವುದಿಲ್ಲ.

ನಾನು ಹಾಕುವುದು ಕನ್ನಡದಲ್ಲಿ, ಸುಳ್ಳು ಹೆಸರಿನಲ್ಲಿ, ರಾತ್ರಿ ಪಾತ್ರೆ ತೊಳೆದಾದ ಮೇಲೆ. ಓದುಗರು ಬೆರಳೆಣಿಕೆಯಷ್ಟು. ಆದರೆ ಅವರು ಓದುವ ಪರಿ! ಮಲ್ಲಿಗೆ ದಂಡೆಯ ಚಿತ್ರ ಹಾಕಿಕೊಂಡ ಒಬ್ಬರು, 'ಅಕ್ಕ, ಒಂದು ಕಥೆಯಲ್ಲಿ ಡಾಯ್ಲ್ ಈಕೆಯನ್ನು ಹಡ್ಸನ್ ಅನ್ನದೆ ಟರ್ನರ್ ಅಂದಿದ್ದಾರಲ್ಲ, ಅವಳ್ಯಾರು?' ಎಂದು ಬರೆದರು. ಅದೂ ಡಾಯ್ಲರ ಮರೆವೇ. ಕೆಲಸದವಳು ಎಂದರು ಒಬ್ಬರು. ಅಲ್ಲ, ಹಡ್ಸನ್ ರಜೆ ಹಾಕಿದಾಗ ಬಂದವಳು ಎಂದರು ಇನ್ನೊಬ್ಬರು. ಓರಗಿತ್ತಿಯೇ ಇರಬೇಕು, ಆಸ್ತಿಯಲ್ಲಿ ಪಾಲು ಕೇಳಲು ಬಂದಿದ್ದಾಳೆ ಎಂದರು ಮಲ್ಲಿಗೆಯವರು. ಎರಡು ವಾರ ಬಿಟ್ಟು ಅವರೇ ಒಂದು ಕಥೆ ಹಾಕಿದರು. ಮನೆ ತುಮಕೂರಿನಲ್ಲಿದೆ. ಮೇಲಿನ ಮಹಡಿಯಲ್ಲಿ ಪಿಟೀಲು ಕುಯ್ಯುವ ಬ್ರಹ್ಮಚಾರಿ, ಕೆಳಗೆ ಹಡ್ಸನ್ನಮ್ಮ, ಹಿತ್ತಿಲ ಕೋಣೆಯಲ್ಲಿ ಮೆಸ್ ನಡೆಸುವ ಟರ್ನರಮ್ಮ, ಇಬ್ಬರಿಗೂ ನೀರಿನ ಮೋಟಾರಿನ ಬಿಲ್ಲಿನ ಮೇಲೆ ಜಗಳ. ನನ್ನ ಓನರಮ್ಮನ ಗೊಣಗಾಟವನ್ನು ಇದ್ದ ಹಾಗೇ ಎತ್ತಿಕೊಂಡಿದ್ದಾರೆ, ಮೇಲೆ ಕೃತಜ್ಞತೆಯೂ ಇದೆ. ಮೊದಲು ಚುರ್ರೆಂದಿತು. ಆಮೇಲೆ ಎರಡು ಸಲ ಓದಿದೆ. ಹೃದಯ ಒತ್ತಿದೆ. ಒಂದು ತಕರಾರನ್ನೂ ಬರೆದೆ: ಅಷ್ಟು ದೊಡ್ಡ ಗುಂಡಿನ ತೂತುಗಳಿಗೆ ಅಡ್ವಾನ್ಸಿನಲ್ಲಿ ಬರೀ ಎರಡು ಸಾವಿರ ಮುರಿದುಕೊಳ್ಳುವ ಓನರು ತುಮಕೂರಿನಲ್ಲೂ ಸಿಗಲಿಕ್ಕಿಲ್ಲ ಎಂದು.