ಘಾಟಿಯಲ್ಲಿ ಹಬೆಯಾಡುವ ಅಂಬಾಸಿಡರ್

2014ರಲ್ಲೇ ತಯಾರಿಕೆ ನಿಂತ ಅಂಬಾಸಿಡರ್ ಆಗುಂಬೆ ಘಾಟಿಯಲ್ಲಿ ಹಬೆ ಬಿಟ್ಟು ನಿಂತರೆ ಸಾಕು, ಎಲ್ಲಿಂದಲೋ ನಾಲ್ಕು ಜನ ಪಂಡಿತರು ಪ್ರತ್ಯಕ್ಷ. ‘ರೇಡಿಯೇಟರ್ ಮುಚ್ಚಳ ತೆಗೀರಿ ಸ್ವಾಮಿ’ ಎನ್ನುವವನು ಮಾತ್ರ ಹತ್ತಡಿ ದೂರ ನಿಂತಿರುತ್ತಾನೆ, ಜಾಣ! ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಹೊಂಚು ಹಾಕಿರುತ್ತದೆ. ಮುಚ್ಚಳ ಸಡಿಲಿಸಿದಿರೋ, ಮುಖಕ್ಕೇ ಮಂಗಳಾರತಿ. ಇಂಜಿನ್ ಪೂರ್ತಿ ತಣಿಯಲಿ. ಅಷ್ಟರಲ್ಲಿ ಫ್ಯಾನ್ ಬೆಲ್ಟ್ ಸಡಿಲವೇ, ಹೋಸ್ ಸೋರುತ್ತಿದೆಯೇ ನೋಡಬಹುದು.

ಕೆಲವು ಮೇಸ್ತ್ರಿಗಳದ್ದು ಒಂದೇ ಮದ್ದು: ಥರ್ಮೋಸ್ಟಾಟ್ ಕಿತ್ತು ಬಿಸಾಕು. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದು ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟಿಸಿದ ಮಾಲೀಕರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಘಾಟಿ ಹತ್ತುವಾಗ ಇಂಜಿನ್ ಬಿಸಿಯೇರತೊಡಗಿದರೆ, ಗಾಡಿಯಲ್ಲಿ ಹೀಟರ್ ಇದ್ದಲ್ಲಿ ಅದನ್ನು ಪೂರ್ತಿ ತಿರುಗಿಸಿ. ಇಂಜಿನ್ನಿನ ಬಿಸಿ ಒಂದಷ್ಟು ಒಳಗೆ ಬರುತ್ತದೆ. ಮೇ ತಿಂಗಳಲ್ಲಿ, ಹಿಂದಿನ ಸೀಟಿನಲ್ಲಿ ಮಾವನವರನ್ನು ಕೂರಿಸಿಕೊಂಡು ಈ ಪ್ರಯೋಗ ಮಾಡುವ ಧೈರ್ಯ ನನಗಂತೂ ಇಲ್ಲ.