ಗೂಟದ ದೋಣಿಯ ಸಾಹೇಬರು

ಏಪ್ರಿಲ್ ಕಳೆಯುತ್ತಿದ್ದ ಹಾಗೆ ಇಂಗ್ಲೆಂಡಿನ ಕಾಲುವೆಗಳಲ್ಲಿ ಒಂದು ಬಗೆಯ ಸಾಹೇಬರು ಕಾಣಿಸಿಕೊಳ್ಳುತ್ತಾರೆ. ಅರವತ್ತೈದು ದಾಟಿದ ವಯಸ್ಸು. ಇಂಜಿನಿಯರೋ ಮೇಷ್ಟ್ರೋ ಬ್ಯಾಂಕ್ ಮ್ಯಾನೇಜರೋ ಆಗಿದ್ದು ನಿವೃತ್ತರಾದವರು. ತಲೆಯ ಮೇಲೆ ಅಗಲ ಅಂಚಿನ ಟೋಪಿ, ಬಲಗೈಯಲ್ಲಿ ಚುಕ್ಕಾಣಿ, ಎಡಗೈಯಲ್ಲಿ ಚಹಾದ ಮಗ್ಗು, ಸೊಂಟದ ಬೆಲ್ಟಿಗೆ ಸಿಕ್ಕಿಸಿದ ವಿಂಡ್ಲಸ್. ವಿಂಡ್ಲಸ್ ಅಂದರೆ, ದೋಣಿಯನ್ನು ನೀರಿನಲ್ಲೇ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳಾದ ಲಾಕ್‌ಗಳ ತೂಬು ಎತ್ತುವ ಕಬ್ಬಿಣದ ಹಿಡಿ. ಅದನ್ನು ಅವರು ತಿರುಗಿಸಿದ್ದನ್ನು ಮಾತ್ರ ಕಂಡವರಿಲ್ಲ. ತೂಬು ಎತ್ತುವುದು, ಲಾಕಿನ ಗೇಟಿಗೆ ಬೆನ್ನು ಕೊಟ್ಟು ನೂಕುವುದು, ಕೆಸರಿಗೆ ಜಿಗಿದು ಹಗ್ಗ ಹಿಡಿಯುವುದು ಎಲ್ಲವೂ ಮೇಡಂ ಅವರ ಖಾತೆ. ಸಾಹೇಬರದು ಚುಕ್ಕಾಣಿ ಮತ್ತು ಸಲಹೆ.

"ಎಲ್ಲಿಗೆ ಸಾರ್ ಪ್ರಯಾಣ?" ಎಂದು ದಡದಿಂದ ಕೇಳಿದರೆ, "ಅವಸರ ಏನೂ ಇಲ್ಲ. ಸಣ್ಣಸಣ್ಣ ಊರುಗಳನ್ನ ನೋಡಿಕೊಂಡು ಹೋಗೋಣ ಅಂತ" ಎನ್ನುತ್ತಾರೆ. ಎರಡೂ ಸುಳ್ಳು. ಅವರಷ್ಟು ಅವಸರದವರು ಲಂಡನ್ನಿನ ಷೇರುಪೇಟೆಯಲ್ಲೂ ಇರಲಾರರು. ಊರು ನೋಡುವ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಾನಿರುವ ಆಡ್ಲಂ ಚೆಷೈರ್‌ನ ದಕ್ಷಿಣ ತುದಿಯ ಒಂದು ಹಳ್ಳಿ. ಶ್ರಾಪ್‌ಷೈರ್ ಯೂನಿಯನ್ ಕಾಲುವೆ ನಮ್ಮ ಹಳ್ಳಿಯ ಪಕ್ಕದಲ್ಲಿ 15 ಲಾಕ್ ಇಳಿದು ನ್ಯಾಂಟ್‌ವಿಚ್ ಕಡೆಗೆ ಹೋಗುತ್ತದೆ. ಸಂಜೆ ಕಾಲಾಡಿಸಲು ದಂಡೆಗೆ ಹೋದರೆ ಬೇಸಿಗೆಯಿಡೀ ಇಂಥ ಸಾಹೇಬರ ದರ್ಶನ. ಅವರಲ್ಲಿ ಒಬ್ಬರು ನನಗೆ ಸ್ನೇಹಿತರಾಗಿಬಿಟ್ಟರು. ಅವರ ದೋಣಿಯ ಹೆಸರು ಕಿಂಗ್‌ಫಿಷರ್. ಇಲ್ಲಿನ ಕಾಲುವೆಗಳಲ್ಲಿ ಅದು ತೀರ ಸಾಮಾನ್ಯವಾದ ಹೆಸರು, ಮಿಂಚುಳ್ಳಿ ಹಕ್ಕಿಯದು. ಬೆಂಗಳೂರಿನಿಂದ ಬಂದ ನಮ್ಮ ನೆಂಟರು ಮಾತ್ರ ಆ ಹೆಸರು ಓದಿದೊಡನೆ ದೋಣಿಯೊಳಗೆ ಬೇರೇನನ್ನೋ ಹುಡುಕಿದರು.

ಈ ದೋಣಿಯ ಅಳತೆ ತಿಳಿಯದೆ ಸಾಹೇಬರ ಸಂಕಟ ಅರ್ಥವಾಗುವುದಿಲ್ಲ. ಉದ್ದ 57 ಅಡಿ, ಅಗಲ ಏಳಡಿಗೆ ಎರಡಂಗುಲ ಕಮ್ಮಿ. ಒಳಗೆ ಗಂಡ ಹೆಂಡತಿ ಎದುರುಬದುರಾದರೆ ಒಬ್ಬರು ಹಾಸಿಗೆ ಹತ್ತಿ ದಾರಿ ಬಿಡಬೇಕು. 1760ರ ದಶಕದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಮಹಾನುಭಾವ, ಖರ್ಚೂ ಉಳಿಯಲಿ ನೀರೂ ಉಳಿಯಲಿ ಎಂದು ಲಾಕ್‌ಗಳನ್ನು ಏಳಡಿಯ ಆಸುಪಾಸಿಗೆ ಕಟ್ಟಿಸಿದ. ಕಲ್ಲಿದ್ದಲು, ಪಿಂಗಾಣಿ ಸಾಗಿಸಲು ಅಷ್ಟು ಸಾಕಿತ್ತು. ಇನ್ನೂರೈವತ್ತು ವರ್ಷದ ಮೇಲೆ ಅದರೊಳಗೆ ಡಬಲ್ ಬೆಡ್, ಫ್ರಿಜ್, ಸೌದೆ ಒಲೆ, ಎರಡು ನಾಯಿ ತೂರಿಸುತ್ತಾರೆಂದು ಪಾಪ ಅವನು ಎಣಿಸಿರಲಿಲ್ಲ. ಹದಿನೈದು ಟನ್ನಿಗೂ ಮೀರಿದ ಉಕ್ಕಿಗೆ ಬ್ರೇಕು ಇಲ್ಲ. ಹಿಂದಕ್ಕೆ ಹೋಗೆಂದರೆ ತನಗೆ ತೋಚಿದ ಕಡೆ ಹೋಗುತ್ತದೆ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ನಮ್ಮ ಸಾಹೇಬರ ಅವಸರವೆಲ್ಲ ಈ ನಾಲ್ಕು ಮೈಲಿಯೊಳಗೇ ನಡೆಯಬೇಕು.

ಇದನ್ನು ಕಟ್ಟಲು ಜಾಗ ಬೇಕು. ದಡ ಉದ್ದಕ್ಕೂ ಇದೆಯಲ್ಲ, ಎಲ್ಲಾದರೂ ಎರಡು ಗೂಟ ಹೊಡೆದು ಕಟ್ಟಿದರಾಯಿತು ಎಂದು ನಾನೂ ಅಂದುಕೊಂಡಿದ್ದೆ. ಹಸು ಮೇಯುವ ಬಯಲಿನ ಪಕ್ಕದಲ್ಲಾದರೆ ಹಾಗೇ ಮಾಡಬಹುದು. ಊರಿನ ಹತ್ತಿರ ಬಂತೋ, ನಿಯಮಗಳ ಕಾಡು. ಲಾಕಿನ ಬಾಯಲ್ಲಿ ಕಟ್ಟುವಂತಿಲ್ಲ, ನೀರಿನ ನಲ್ಲಿಯ ಮುಂದೆ ಕಟ್ಟುವಂತಿಲ್ಲ, ದೋಣಿ ತಿರುಗಿಸುವ ಅಗಲವಾದ ಜಾಗದಲ್ಲಿ ಕಟ್ಟುವಂತಿಲ್ಲ, ತಿರುವಿನಲ್ಲಿ ಕಟ್ಟುವಂತಿಲ್ಲ. ಆ ಬದಿಯ ದಡ ಯಾರದೋ ಹಿತ್ತಲು. ಉಳಿದ ನಾಲ್ಕಾರು ದೋಣಿಗಾಗುವಷ್ಟು ದಡದಲ್ಲಿ ಕಬ್ಬಿಣದ ಬಳೆ ಹಾಕಿ, '48 ಗಂಟೆ ಮಾತ್ರ' ಎಂದು ಬೋರ್ಡು ನಿಲ್ಲಿಸಿರುತ್ತಾರೆ. ಸಾಹೇಬರ ಪಾಲಿಗೆ ವೈಕುಂಠ ಅಂದರೆ ಅದೇ.

ಆ ವೈಕುಂಠದಲ್ಲಿ ಮೊದಲೇ ಬಂದವರು ಎರಡು ದೋಣಿಗಳ ನಡುವೆ ಮೂವತ್ತು ಅಡಿ, ಆಚೆ ಇಪ್ಪತ್ತೈದು ಅಡಿ ಸಂದು ಬಿಟ್ಟು ಕಟ್ಟಿರುತ್ತಾರೆ. ಕೂಡಿದರೆ 55. ಸಾಹೇಬರದು 57. ಅವರ ಮುಖ ಆಗ ನೋಡಬೇಕು. "ಮನುಷ್ಯತ್ವ ಅನ್ನೋದೇ ಹೊರಟುಹೋಯಿತು" ಎಂದು ಗೊಣಗುತ್ತ ಎಂಜಿನ್ ತಗ್ಗಿಸಿ, ಎಲ್ಲರ ಕಿಟಕಿಗೂ ಕೇಳುವಂತೆ ಕೆಮ್ಮಿ, ಹಾಗೇ ತೇಲಿಕೊಂಡು ಮುಂದೆ ಹೋಗುತ್ತಾರೆ. ಯಾರಾದರೂ ತಲೆ ಹೊರಗೆ ಹಾಕಿ "ಸ್ವಲ್ಪ ಸರೀತೀವಿ, ಬನ್ನಿ" ಎಂದರೆ ಜನ್ಮಾಂತರದ ಸ್ನೇಹ. ಮರುದಿನ ಅದೇ ಸಾಹೇಬರು ಮುಂದೊಂದು ಹದಿನೈದು ಅಡಿ, ಹಿಂದೊಂದು ಇಪ್ಪತ್ತು ಅಡಿ ಬಿಟ್ಟು ಕಟ್ಟಿದ್ದನ್ನು ನಾನೇ ಕಂಡಿದ್ದೇನೆ. ಕೇಳಿದರೆ, "ಬಳೆಗಳನ್ನ ಹಾಕಿರೋದೇ ಹಾಗೆ, ನಾನೇನು ಮಾಡಲಿ?"

ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಈ ವಿದ್ಯೆ ಹೊಸದಲ್ಲ. ಸಾಹೇಬರಲ್ಲಿ ಟವೆಲಿನ ಕೆಲಸ ಮೇಡಂ ಅವರದು. ಊರು ಇನ್ನೂ ಎರಡು ಮೈಲಿ ಇರುವಾಗಲೇ ಯಾವುದಾದರೂ ಸೇತುವೆಯ ಕೆಳಗೆ ಅವರನ್ನೂ ಮಡಚುವ ಸೈಕಲ್ಲನ್ನೂ ಇಳಿಸಿಬಿಡುತ್ತಾರೆ. ಮೇಡಂ ಮುಂದೆ ಹೋಗಿ ಖಾಲಿ ಜಾಗ ಕಂಡಲ್ಲಿ ನಿಲ್ಲಬೇಕು. ದೋಣಿಯಿಲ್ಲದೆ ಜಾಗ ಕಾಯುವುದು ಕಾಲುವೆಯ ಶಿಷ್ಟಾಚಾರಕ್ಕೆ ಒಗ್ಗದ್ದು. ಆದ್ದರಿಂದ ಮೇಡಂ ಕಾಯುವುದಿಲ್ಲ, ದಡದ ಹೂ ನೋಡುತ್ತಾರೆ. ಹೂವಿಲ್ಲದಿದ್ದರೆ ಸೈಕಲ್ಲಿನ ಚೈನು ನೋಡುತ್ತಾರೆ. ನಡುವೆ ಫೋನು: "ಒಂದೇ ಒಂದು ಜಾಗ ಇದೆ ಕಣ್ರೀ, ಬೇಗ ಬನ್ನಿ." ಯಾವ ಊರಾದರೂ ಇದೇ ಮಾತು. ಫೋನಿಟ್ಟ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, "ನೋಡಿದಿರಾ, ಬೆಳಿಗ್ಗೆ ಆರಕ್ಕೆ ಹೊರಡದೇ ಇದ್ದಿದ್ದರೆ ಇವತ್ತು ಕಥೆ ಮುಗೀತಿತ್ತು" ಎನ್ನುತ್ತಾರೆ.

ಬೆಳಗಿನ ಆರಕ್ಕೆ ಹೊರಡುವುದು ಅವರ ಸಿದ್ಧಾಂತ. ಲೆಕ್ಕ ಸರಳ. ರಾತ್ರಿ ತಂಗಿದವರು ತಿಂಡಿ ತಿಂದು ಒಂಬತ್ತು ಹತ್ತಕ್ಕೆ ಜಾಗ ಬಿಡುತ್ತಾರೆ, ಮಧ್ಯಾಹ್ನದೊಳಗೆ ಅದು ಮತ್ತೆ ತುಂಬುತ್ತದೆ. ಆ ನಡುವಿನ ಹೊತ್ತಿಗೆ ಮುಂದಿನ ಊರು ಮುಟ್ಟಬೇಕೆಂದರೆ ಹಿಂದಿನ ಊರಿನ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೊರಡಬೇಕು. ಮುಟ್ಟಿದ ಮೇಲೆ ಸುತ್ತಿಗೆ ತೆಗೆದು ಗೂಟ ಹೊಡೆಯುವುದು, ಹಗ್ಗ ಬಿಗಿಯುವುದು, ಮತ್ತೊಮ್ಮೆ ಬಿಗಿಯುವುದು. ಊಟ. ಆರಕ್ಕೆ ಹೊರಟ ಮೈಗೆ ನಿದ್ದೆ. ಎದ್ದ ಮೇಲೆ ಪಕ್ಕದ ದೋಣಿಯವರೊಡನೆ ಶೌಚದ ಡಬ್ಬಿಯ ಚರ್ಚೆ. ಇದೊಂದು ಸೋಜಿಗ. ಸಂಬಳ ಎಷ್ಟೆಂದು ಸಾಯುವವರೆಗೂ ಬಾಯಿಬಿಡದ ಇಂಗ್ಲಿಷರು ದೋಣಿಯಲ್ಲಿ ಪರಿಚಯವಾದ ಐದೇ ನಿಮಿಷಕ್ಕೆ ತಮ್ಮ ಶೌಚದ ವ್ಯವಸ್ಥೆ ಎಂಥದು, ಎಷ್ಟು ದಿನಕ್ಕೆ ತುಂಬುತ್ತದೆ, ಎಲ್ಲಿ ಬರಿದು ಮಾಡುತ್ತಾರೆ ಎಲ್ಲ ಒಪ್ಪಿಸುತ್ತಾರೆ. ಸಂಜೆ ಗೈಡು ಬಿಚ್ಚಿ ನಾಳಿನ ಊರಿನ ನಕ್ಷೆ. ಅಷ್ಟರಲ್ಲಿ ಈ ಊರಿನ ಅಂಗಡಿ ಮುಚ್ಚಿರುತ್ತದೆ.

ಹೀಗಾಗಿ ಸಾಹೇಬರು ಕಂಡ ಇಂಗ್ಲೆಂಡೇ ಬೇರೆ. "ಮಾರ್ಕೆಟ್ ಡ್ರೇಟನ್ ಹೇಗಿತ್ತು?" ಎಂದು ಕೇಳಿದೆ. ನನಗೆ ಆ ಊರಿನ ಮೇಲೆ ಒಂದು ಹಳೆಯ ಲೆಕ್ಕವಿದೆ. ರಾಬರ್ಟ್ ಕ್ಲೈವ್ 1725ರಲ್ಲಿ ಹುಟ್ಟಿದ್ದು ಅದರ ಪಕ್ಕದಲ್ಲೇ. ಹುಡುಗನಾಗಿದ್ದಾಗ ಊರ ಚರ್ಚಿನ ಗೋಪುರ ಹತ್ತಿ ಕೂತಿದ್ದನೆಂದು ಅಲ್ಲಿಯವರು ಈಗಲೂ ಕಥೆ ಹೇಳುತ್ತಾರೆ. ಬುಧವಾರದ ಸಂತೆ ಶತಮಾನಗಳಷ್ಟು ಹಳೆಯದು, ಶುಂಠಿ ಬಿಸ್ಕತ್ತಿಗೂ ಹೆಸರುವಾಸಿ. ಸಾಹೇಬರು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಒಳ್ಳೆ ಊರು. ಆಳ ಚೆನ್ನಾಗಿದೆ. ಆದರೆ ಮರಗಳು ಜಾಸ್ತಿ, ಸೋಲಾರ್ ಪ್ಯಾನೆಲ್ ಮೇಲೆ ಅಂಟು ಬೀಳುತ್ತೆ." ಕ್ಲೈವ್ ಎಂದೆ. "ಅವನ ದೋಣಿ ಎಷ್ಟು ಅಡಿ?" ಎಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಕ್ಲೈವ್ ನಮ್ಮ ದಡದಲ್ಲಿ ಗೂಟ ಹೊಡೆದಾಗ '48 ಗಂಟೆ ಮಾತ್ರ' ಎಂದು ಬೋರ್ಡು ನಿಲ್ಲಿಸುವವರು ಯಾರೂ ಇರಲಿಲ್ಲ ಎಂದು ನಾನು ಹೇಳಲಿಲ್ಲ. ಚಹಾ ಅವರದು, ಹಾಲಿಗೂ ಅವರೇ ದುಡ್ಡು ಕೊಟ್ಟಿದ್ದರು.

ಎಲ್ಸ್‌ಮಿಯರ್ ಊರಿನ ಪಕ್ಕ ಹಿಮಯುಗ ಬಿಟ್ಟುಹೋದ ಚೆಂದದ ಸರೋವರವಿದೆ. ಸಾಹೇಬರ ಪ್ರಕಾರ ಆ ಊರಿನ ಮಹಿಮೆ ಬೇರೆ: ಕಾಲುವೆಯ ಕವಲು ಊರೊಳಕ್ಕೇ ಹೋಗಿ ಟೆಸ್ಕೊ ಅಂಗಡಿಯ ಹತ್ತಿರ ಮುಗಿಯುತ್ತದೆ. ವಿಟ್‌ಚರ್ಚ್‌ಗೆ ಕಡಿಮೆ ಅಂಕ. ದೋಣಿ ಕಟ್ಟಿ ಊರಿಗೆ ನಡೆಯಬೇಕು.

ಅವರಲ್ಲಿ ಇತಿಹಾಸಪ್ರಜ್ಞೆ ಇಲ್ಲವೆಂದಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಎಲ್.ಟಿ.ಸಿ. ರೋಲ್ಟ್ 1944ರಲ್ಲಿ ಪ್ರಕಟಿಸಿದ 'ನ್ಯಾರೋ ಬೋಟ್' ಇದೆ. ಕ್ರೆಸಿ ಎಂಬ ಹಳೆಯ ದೋಣಿಯಲ್ಲಿ ಹೆಂಡತಿಯೊಡನೆ ತಿರುಗಾಡಿದ ಕಥೆ. ಪಾಳು ಬೀಳುತ್ತಿದ್ದ ಕಾಲುವೆಗಳನ್ನು ಉಳಿಸಬೇಕೆಂಬ ಹುಚ್ಚು ಹತ್ತಿಸಿದ ಪುಸ್ತಕ ಅದು. ಅದನ್ನೋದಿ ರಾಬರ್ಟ್ ಐಕ್‌ಮನ್ ರೋಲ್ಟ್‌ಗೆ ಪತ್ರ ಬರೆದ, 1946ರಲ್ಲಿ ಕಾಲುವೆ ಉಳಿಸುವ ಸಂಘ ಹುಟ್ಟಿತು, 1950ರಲ್ಲಿ ಮಾರ್ಕೆಟ್ ಹಾರ್ಬರೋದಲ್ಲಿ ನೂರಕ್ಕೂ ಹೆಚ್ಚು ದೋಣಿ ಸೇರಿ ದೊಡ್ಡ ಜಾತ್ರೆಯೇ ಆಯಿತು. ಇವತ್ತು ಸಾಹೇಬರು ತೇಲುತ್ತಿರುವುದು ಆ ಪುಣ್ಯಾತ್ಮರ ದೆಸೆಯಿಂದ. ಇದನ್ನೆಲ್ಲ ಭಕ್ತಿಯಿಂದ ವಿವರಿಸಿದ ಮೇಲೆ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರು ದೋಣಿ! ಎಲ್ಲಿ ಕಟ್ಟಿದ್ದರೋ?" ಎಂದು ನಿಟ್ಟುಸಿರಿಟ್ಟರು.

ಒಮ್ಮೆ ಲ್ಯಾಂಗೊಲೆನ್‌ಗೆ ಹೋಗುವಾಗ ನನ್ನನ್ನೂ ಕರೆದುಕೊಂಡರು. ವೇಲ್ಸ್ ಗಡಿ ದಾಟಿದ ಮೇಲೆ ಬರುವ ಪೊಂಟ್‌ಕಸುಲ್ತೆಗಾಗಿ ನಾನು ಕಾದು ಕೂತಿದ್ದೆ. ಡೀ ನದಿಯ ಕಣಿವೆಯ ಮೇಲೆ 126 ಅಡಿ ಎತ್ತರದಲ್ಲಿ ಕಬ್ಬಿಣದ ತೊಟ್ಟಿ, ಅದರಲ್ಲಿ ನೀರು, ನೀರಿನಲ್ಲಿ ನಾವು. ತಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ್ದು, 1805ರಲ್ಲಿ ತೆರೆದದ್ದು. ಒಂದು ಬದಿಗೆ ಕಾಲುದಾರಿ, ಕಟಕಟೆ ಇದೆ; ಇನ್ನೊಂದು ಬದಿಗೆ ಏನೂ ಇಲ್ಲ. ದೋಣಿಯ ಅಂಚಿನಾಚೆ ನೇರ ಆಕಾಶ, ಕೆಳಗೆ ಹೊಳೆ, ಮರದ ತಲೆಗಳು. ನನ್ನ ಕೈಕಾಲು ತಣ್ಣಗಾಗಿತ್ತು. ಸಾಹೇಬರು ಕೆಳಗೂ ನೋಡಲಿಲ್ಲ, ಆಚೆಗೂ ನೋಡಲಿಲ್ಲ. ಅವರ ಕಣ್ಣು ಮುಂದಿದ್ದ ದೋಣಿಯ ಬಾಲದ ಮೇಲೆ. "ನಲವತ್ತೈದು ಅಡಿ ಇದೆ ಅದು" ಎಂದರು ಪಿಸುದನಿಯಲ್ಲಿ. "ಎಂಥ ಸಂದಿಗೂ ತೂರಿಬಿಡುತ್ತೆ, ಕಳ್ಳ."

ಅಲ್ಲಿಂದ ಲ್ಯಾಂಗೊಲೆನ್‌ಗೆ ನಾಲ್ಕೇ ಮೈಲಿ. ಆದರೆ ಈ ಕಾಲುವೆಗೆ ಡೀ ನದಿಯ ನೀರು ಬಿಟ್ಟಿರುವುದರಿಂದ ಹರಿವು ಎದುರಿನಿಂದ. ನಾಲ್ಕು ಮೈಲಿಗೆ ಸುಮಾರು ಎರಡು ಗಂಟೆ. ಊರು ಹತ್ತಿರವಾದಂತೆ ಕಾಲುವೆ ಬಂಡೆಯ ಪಕ್ಕ ಎಷ್ಟು ಕಿರಿದಾಗುತ್ತದೆಂದರೆ ಎದುರಿಗೊಂದು ದೋಣಿ ಬಂದರೆ ಮುಗಿಯಿತು. ಅದಕ್ಕೆ ಒಬ್ಬರು ಮುಂದೆ ನಡೆದು ಹೋಗಿ ದಾರಿ ತೆರವಿದೆಯೇ ನೋಡಿ ಹೇಳಬೇಕು. ಆ ದಿನ ಆ ಒಬ್ಬ ನಾನು. ಎದುರಿಗೆ ದೋಣಿ ಬಂದರೆ ಮಾಮೂಲಿ ಜನ ಹೆದರುತ್ತಾರೆ. ಸಾಹೇಬರಿಗೆ ಹಬ್ಬ; ಬರುವ ದೋಣಿಯೆಂದರೆ ಊರಲ್ಲಿ ತೆರವಾದ ಒಂದು ಜಾಗ. "ಮೂರು ಬರ್ತಿವೆ ಸಾರ್" ಎಂದು ಫೋನಿನಲ್ಲಿ ಹೇಳಿದೆ. "ಮೂರಾ! ಐವತ್ತೇಳರ ಮೇಲಿನವು ಎಷ್ಟು?" ಎಂದರು.

ಲ್ಯಾಂಗೊಲೆನ್ ಬೇಸಿನ್ನಿನಲ್ಲಿ ಜಾಗ ಸಿಕ್ಕಿತು. ಬಾಡಿಗೆ ಕೊಟ್ಟರು, ನೀರು, ವಿದ್ಯುತ್ ಎರಡೂ ಇತ್ತು. ನಾನೂ ಮೇಡಂ ಅವರೂ ಗುಡ್ಡದ ಮೇಲಿನ ಡಿನಾಸ್ ಬ್ರಾನ್ ಕೋಟೆಯ ಪಾಳು ಗೋಡೆಗಳನ್ನು ನೋಡಿ, ಉಗಿ ರೈಲು ನೋಡಿ ಬಂದೆವು. ಸಾಹೇಬರು ಕುರ್ಚಿ ಹಾಕಿಕೊಂಡು, ಬಂದ ದೋಣಿಗಳಿಗೆಲ್ಲ ಎಲ್ಲಿ ಹೇಗೆ ಕಟ್ಟಬೇಕೆಂದು ಹೇಳುತ್ತಿದ್ದರು. ಅವರಿಗೆ ಆ ಕೆಲಸ ಕೊಟ್ಟವರು ಯಾರೂ ಇರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಆಡ್ಲಂಗೆ ಬಂದಾಗ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದೆವು. ನನ್ನ ಹೆಂಡತಿ ಬಿಸಿಬೇಳೆಬಾತು, ಕೋಸಂಬರಿ, ಶಾವಿಗೆ ಪಾಯಸ ಮಾಡಿದ್ದಳು. ಸಾಹೇಬರಿಗೆ ಬಿಸಿಬೇಳೆಬಾತು ಹಿಡಿಸಿತು, ಎರಡನೆಯ ಸಲ ಹಾಕಿಸಿಕೊಂಡರು. ಪಾಯಸ ಬರುವ ಹೊತ್ತಿಗೆ ಅವರ ಫೋನು ಟಿಂಗೆಂದಿತು. ಮುಂದೆ ಕಟ್ಟಿದ್ದ ಯಾರೋ ಹೊರಟರಂತೆ. ಸಾಹೇಬರು ಎದ್ದೇಬಿಟ್ಟರು.

"ಈಗಿರೋ ಜಾಗಕ್ಕೆ ಏನಾಗಿದೆ ಸಾರ್?"

"ಅಲ್ಲಿ ನೀರೊಳಗೆ ಕಟ್ಟೆ ಇದೆ, ರಾತ್ರಿಯೆಲ್ಲ ದೋಣಿ ಕುಟ್ಟುತ್ತೆ. ಮುಂದೆ ನಲವತ್ತು ಗಜ ಹೋದರೆ ಕುಟ್ಟಲ್ಲ."

ಅದು ನಿಜ. ಶ್ರಾಪ್‌ಷೈರ್ ಯೂನಿಯನ್ನಿನ ದಡಕ್ಕೆ ನೀರಿನ ಅಡಿಯಲ್ಲಿ ಕಲ್ಲಿನ ಜಗಲಿ ಚಾಚಿರುತ್ತದೆ, ಕಾಲುವೆಯವರೆಲ್ಲ ಶಪಿಸುವ ಜಗಲಿ. ಟೋಪಿ ಹಾಕಿಕೊಂಡು ಹೋದರು. ಮೇಡಂ ಕೂತಲ್ಲಿಂದ ಕದಲಲಿಲ್ಲ. ಅವರ ಪಾಲಿನ ಪಾಯಸ ಮುಗಿಸಿ ಸಾಹೇಬರ ಬಟ್ಟಲನ್ನೂ ಹತ್ತಿರಕ್ಕೆಳೆದುಕೊಂಡು, ನ್ಯಾಂಟ್‌ವಿಚ್‌ನ ಸೇಂಟ್ ಮೇರಿ ಚರ್ಚಿನ ಮರದ ಆಸನಗಳ ಅಡಿಯಲ್ಲಿ ಕೆತ್ತಿರುವ ಚಿತ್ರಗಳನ್ನು ನೀವಿಬ್ಬರೂ ನೋಡಲೇಬೇಕು ಎಂದು ಶುರುಮಾಡಿ, ಯಾವ ಊರಿನ ಚೀಸು, ಯಾವ ಊರಿನ ಹಳೆ ಪುಸ್ತಕದಂಗಡಿ, ಯಾವ ಊರಿನ ಸಂತೆ ಎಂದು ಒಂದು ಗಂಟೆ ಹೇಳಿದರು.

"ನಾಳೆ ನ್ಯಾಂಟ್‌ವಿಚ್‌ಗೆ ನೀವೂ ಆರಕ್ಕೆ ಏಳಬೇಕಲ್ಲ?" ಎಂದಳು ನನ್ನ ಹೆಂಡತಿ.

"ನಾನಾ? ನಾನು ಬಸ್ಸಿಗೆ ಹೋಗ್ತೀನಿ. ಹಿರಿಯರ ಪಾಸಿದೆ, ಒಂಬತ್ತೂವರೆ ಆದ ಮೇಲೆ ಪುಕ್ಕಟೆ. ದಾರೀಲಿ ಹ್ಯಾಕ್ ಗ್ರೀನ್‌ನಲ್ಲಿ ಎರಡೇ ಲಾಕು, ಅವರೊಬ್ಬರೇ ನಿಭಾಯಿಸ್ತಾರೆ. ಮುಂದೆ ಹೋಗಿ ಜಾಗ ನೋಡ್ತೀನಿ ಅಂದಿದೀನಿ."

"ಅಲ್ಲೂ ಅಷ್ಟು ಕಷ್ಟವಾ ಜಾಗ?"

ಮೇಡಂ ಬಾಗಿಲ ಕಡೆ ಒಮ್ಮೆ ನೋಡಿದರು. "ಎಲ್ಲಿಯ ಕಷ್ಟ! ಏರಿ ಮೇಲೆ ಉದ್ದಕ್ಕೆ ದಡ ಇದೆ, ನಾನು ಹೋದಾಗೆಲ್ಲ ಅರ್ಧ ಖಾಲಿ. ಒಂದೇ ಒಂದು ಉಳಿದಿದೆ ಅಂತ ಫೋನ್ ಮಾಡ್ತೀನಿ. ಬಂದು ನೋಡಿ ಕೇಳಿದರೆ, ಈಗ ತಾನೇ ನಾಲ್ಕು ದೋಣಿ ಹೋದವು ಅಂತೀನಿ. ನಿಜ ಹೇಳಿಬಿಟ್ಟರೆ ಅವರೂ ನನ್ನ ಜೊತೆ ಊರು ನೋಡೋಕೆ ಬಂದುಬಿಡ್ತಾರಮ್ಮ."