“ನನ್ನನ್ನು ತಿರಸ್ಕರಿಸೋಕೇ ಎಲ್ಲರೂ ಓದೋದು”

ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಕೂರುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಸಿಸ್ಟೆಂಟ್ ಪ್ರೊಫೆಸರುಗಳು ನಿದ್ದೆಯಲ್ಲೂ ಉಚ್ಚರಿಸುವ ಹೆಸರೊಂದಿದೆ: ನಲ್ ಹೈಪಾಥಿಸಿಸ್. ಪುಸ್ತಕದ ಕನ್ನಡದಲ್ಲಿ ಶೂನ್ಯ ಪ್ರಾಕ್ಕಲ್ಪನೆ, ಸ್ಟಾಫ್ ರೂಮಿನಲ್ಲಿ ಎಚ್ ನಾಟ್. ಯುಜಿಸಿ ನಿಯಮದ ಪ್ರಕಾರ ಪ್ರಶ್ನೆಪತ್ರಿಕೆಯ ಅರ್ಧ ಭಾಗ ಸಂಶೋಧನಾ ವಿಧಾನ, ಉಳಿದರ್ಧ ಅಭ್ಯರ್ಥಿಯ ಸ್ವಂತ ವಿಷಯ. ಮೊದಲರ್ಧದಲ್ಲಿ ಈ ಎಚ್ ನಾಟ್ ಮಹಾಶಯರು ತಲೆ ಹಾಕದೆ ಇರುವುದಿಲ್ಲ. ಹೊಸ ಸಿಮೆಂಟು, ಹೊಸ ಔಷಧ, ಹೊಸ ಆಲ್ಗರಿದಮ್ಮು, ಏನನ್ನೇ ತಂದು ಮುಂದಿಟ್ಟರೂ “ಹಳೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲಪ್ಪ” ಎನ್ನುವುದಷ್ಟೇ ಇವರ ವಾದ. ಮದುವೆ ಮನೆಯಲ್ಲಿ ಹೋಳಿಗೆ ತಿಂದು ಹೀಗೆನ್ನುವ ಹಿರಿಯರೊಬ್ಬರು ಎಲ್ಲರ ಬಳಗದಲ್ಲೂ ಇರುತ್ತಾರಲ್ಲ, ಆ ಜಾತಿ. ವಯಸ್ಸಿಗೆ ಮರ್ಯಾದೆ ಕೊಟ್ಟು ಶೂನ್ಯರಾಯರೆಂದು ಕರೆದಿದ್ದೇನೆ. ಸಿಕ್ಕಿದ್ದು ಕಾಲೇಜೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಸ್ಪೈರಲ್ ಬೈಂಡಿಂಗ್ ಮಾಡಿದ ನೋಟ್ಸಿನ ಒಳಗೆ.

ರಾಯರೇ, ಪರೀಕ್ಷೆ ಹತ್ತಿರ ಬಂತು. ಬಿಡುವೇ ಇಲ್ಲವೇನೋ?

ವರ್ಷವಿಡೀ ಬಿಡುವು. ಅರ್ಜಿ ಕರೆದ ಮೇಲೆ ಮಾತ್ರ ನನ್ನ ಹಣೆಗೆ ಹಳದಿ ಹೈಲೈಟರ್ ಬಳಿದು ಪೂಜೆ ಶುರು. ಓದೋರು ಹುಡುಗರೇನಲ್ಲ, ಪಾಪ. ಹಗಲೆಲ್ಲ ಕ್ಲಾಸು, ಲ್ಯಾಬು, ಎನ್‌ಬಿಎ ಫೈಲು, ಇಂಟರ್ನಲ್ಸ್ ಪೇಪರು. ರಾತ್ರಿ ಮಗು ಮಲಗಿದ ಮೇಲೆ ನನ್ನನ್ನ ತೆಗೀತಾರೆ. ಅಸೋಸಿಯೇಟ್ ಪ್ರೊಫೆಸರ್ ಆಗೋಕೆ ಪಿಎಚ್.ಡಿ. ಬೇಕು ಅಂತ ಎಐಸಿಟಿಇ ನಿಯಮ. ಏನನ್ನಾದರೂ ಕಂಡುಹಿಡೀಬೇಕು ಅನ್ನೋ ಆಸೆ ಹುಟ್ಟೋದಕ್ಕೆ ಮೊದಲೇ ಕಂಡುಹಿಡೀಲೇಬೇಕು ಅನ್ನೋ ಸುತ್ತೋಲೆ ಬಂದುಬಿಡುತ್ತೆ.

ತಾವು ಹುಟ್ಟಿದ್ದು ಯಾವಾಗ?

ನಾಮಕರಣ ಆಗಿದ್ದು 1935ರಲ್ಲಿ, ರೊನಾಲ್ಡ್ ಫಿಶರ್ ಬರೆದ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹೆಸರಿಲ್ಲದೆ ಅದಕ್ಕೂ ಮುಂಚೆ ದುಡಿದಿದ್ದೀನಿ. 1710ರಲ್ಲಿ ಜಾನ್ ಅರ್ಬತ್ನಾಟ್ ಅಂತ ಇಂಗ್ಲೆಂಡಿನ ರಾಣಿಯ ವೈದ್ಯ, ಲಂಡನ್ನಿನ 82 ವರ್ಷಗಳ ದೀಕ್ಷಾಸ್ನಾನದ ದಾಖಲೆ ಹರಡಿಕೊಂಡು ಕೂತ. ಪ್ರತಿ ವರ್ಷವೂ ಹೆಣ್ಣಿಗಿಂತ ಗಂಡು ಮಕ್ಕಳೇ ಹೆಚ್ಚು. ಗಂಡು ಹೆಣ್ಣು ಹುಟ್ಟೋ ಸಾಧ್ಯತೆ ಸರಿಸಮ ಅಂತ ನಾನು ಹೇಳಿದ್ದೆ. ಹಾಗಿದ್ದರೆ 82 ಸಲ ನಾಣ್ಯ ಚಿಮ್ಮಿ 82 ಸಲವೂ ಒಂದೇ ಮುಖ ಬಿದ್ದ ಹಾಗಾಯ್ತಲ್ಲ ಅಂತ ನನ್ನನ್ನ ಆಚೆ ಹಾಕಿದ. ಹಾಕಲಿ, ನ್ಯಾಯವೇ. ಆದರೆ ಕ್ರೆಡಿಟ್ಟನ್ನ ದೇವರ ಕೃಪೆಗೆ ಕೊಟ್ಟ. ಈಗಿನವರು ಗೈಡಿಗೆ ಕೊಡ್ತಾರೆ.

ಟೀ ಕಥೆ ಒಂದಿದೆಯಂತಲ್ಲ, ಕೋಚಿಂಗಿನವರೆಲ್ಲ ಹೇಳುತ್ತಾರೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ್ದು. ಮ್ಯೂರಿಯಲ್ ಬ್ರಿಸ್ಟಲ್ ಅಂತ ಪಾಚಿ ತಜ್ಞೆ. ಕಪ್ಪಿಗೆ ಹಾಲು ಮೊದಲು ಹಾಕಿದಿರೋ ಟೀ ಮೊದಲು ಹಾಕಿದಿರೋ ಕುಡಿದೇ ಹೇಳ್ತೀನಿ ಅಂದರು. ನಮ್ಮ ಕಡೆ ಆಗಿದ್ದರೆ “ಸುಮ್ನೆ ಕುಡೀರಿ ಮೇಡಂ” ಅಂತ ಮುಗೀತಿತ್ತು. ಫಿಶರ್ ಅದನ್ನೇ ಪ್ರಯೋಗ ಮಾಡಿ ಪುಸ್ತಕಕ್ಕೆ ಹಾಕಿದ. ಎಂಟು ಕಪ್ಪು, ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಟೀ ಮೊದಲು, ಕೊಡೋ ಕ್ರಮ ಚೀಟಿ ಎತ್ತಿದ ಹಾಗೆ. ಎಂಟರಲ್ಲಿ ನಾಲ್ಕನ್ನ ಆರಿಸೋಕೆ 70 ದಾರಿ. ಆಕೆಗೆ ಏನೂ ಗೊತ್ತಾಗಲ್ಲ ಅನ್ನೋದು ನನ್ನ ವಾದ ತಾನೆ? ಅದು ನಿಜವಾದರೆ ಬರೀ ಅದೃಷ್ಟದಿಂದ ಎಲ್ಲ ಸರಿ ಬರೋದು 70ಕ್ಕೆ ಒಂದು ಸಲ, ಶೇ. 1.4. ಎಲ್ಲ ಸರಿ ಹೇಳಿದರೆ ನಾನು ಬ್ಯಾಗ್ ಕಟ್ಟಬೇಕು. ಒಂದು ಜೋಡಿ ಅದಲುಬದಲಾದರೂ ನಾನು ಉಳ್ಕೊಂಡೆ, ಯಾಕಂದ್ರೆ ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ 70ರಲ್ಲಿ 17 ಸಲ ಕುರುಡು ಊಹೆಯಿಂದಲೇ ಬರುತ್ತೆ.

ಕೊನೆಗೆ ಆಕೆ ಸರಿ ಹೇಳಿದರೋ ಇಲ್ಲವೋ?

ಎಲ್ಲವನ್ನೂ ಸರಿಯಾಗಿ ಹೇಳಿದರು ಅಂತ ಆಮೇಲೆ ಹಬ್ಬಿದ ಮಾತು. ಫಿಶರ್ ತನ್ನ ಪುಸ್ತಕದಲ್ಲಿ ಫಲಿತಾಂಶವನ್ನೇ ಬರೆದಿಲ್ಲ! ಅವನಿಗೆ ಬೇಕಾಗಿದ್ದು ಟೀ ಸೋಸೋದಕ್ಕೆ ಮೊದಲೇ ಎಷ್ಟು ಕಪ್ಪು, ಯಾವ ಕ್ರಮ, ಎಷ್ಟು ಸರಿ ಬಂದರೆ ನನ್ನನ್ನ ಕಳಿಸಬಹುದು ಅಂತ ತೀರ್ಮಾನ ಆಗಿರಬೇಕು ಅನ್ನೋದು. ನಿಮ್ಮ ಜನ ಮೊದಲು ಕಾಂಕ್ರೀಟ್ ಕ್ಯೂಬು ಹಾಕಿ, ಒಡೆದು, ಎಕ್ಸೆಲ್ಲಿಗೆ ತುಂಬಿ, ಆಮೇಲೆ ಗಣಿತ ವಿಭಾಗದ ಮೇಡಂ ಹತ್ತಿರ ಬಂದು “ಇದಕ್ಕೆ ಯಾವ ಟೆಸ್ಟು ಹಾಕಬಹುದು?” ಅಂತ ಕೇಳ್ತಾರೆ.

(ಇಲ್ಲಿ ನಾನು ವಿಷಯ ಬದಲಿಸಿದೆ. ರಾಯರ ಧ್ವನಿ ಏರುತ್ತಿತ್ತು. ಅಂಗಡಿಯ ಹುಡುಗನ ಮೆಷಿನ್ನಿನಲ್ಲಿ ಪೇಪರ್ ಸಿಕ್ಕಿಕೊಂಡಿತ್ತು.)

ತಮ್ಮನ್ನು ತಿರಸ್ಕರಿಸಲು ಪಿ ಮೌಲ್ಯ 0.05ಕ್ಕಿಂತ ಕಡಿಮೆ ಇರಬೇಕು ಎನ್ನುತ್ತಾರಲ್ಲ, ಈ 0.05 ಎಲ್ಲಿಂದ ಬಂತು? ಅದು ಯಾವ ದೇವರು ಕೊಟ್ಟ ವರ?

ಇಪ್ಪತ್ತಕ್ಕೆ ಒಂದು. ಫಿಶರ್ 1925ರ ತನ್ನ ಇನ್ನೊಂದು ಪುಸ್ತಕದಲ್ಲಿ ಇದು ಅನುಕೂಲವಾದ ಗಡಿ ಅಂತ ಇಟ್ಟ. ಅನುಕೂಲಕ್ಕೆ ಹಾಕಿದ ಗೆರೆ ಲಕ್ಷ್ಮಣರೇಖೆ ಆಗಿದ್ದು ಆಮೇಲೆ. ಇಲ್ಲೊಂದು ಹೊಂಡ ಇದೆ, ಬರ್ಕೊಳ್ಳಿ. ಪಿ ಮೌಲ್ಯ 0.03 ಬಂತು ಅಂದ್ರೆ ನಾನು ನಿಜವಾಗಿರೋ ಸಾಧ್ಯತೆ ಶೇ. 3 ಅಂತ ಅರ್ಥವಲ್ಲ. ನಾನು ನಿಜ ಅಂತಲೇ ಇಟ್ಕೊಂಡರೆ, ಇಂಥ ಅಥವಾ ಇದಕ್ಕಿಂತ ವಿಪರೀತದ ಅಂಕಿ ಬರೋ ಸಾಧ್ಯತೆ ಅಷ್ಟು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆ ಹೊರಡಿಸಿ ಇದನ್ನೇ ಬಿಡಿಸಿ ಹೇಳಬೇಕಾಯ್ತು. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಅರ್ಥವನ್ನ ‘ಎ’ ಅಂತ ಕೂರಿಸಿದರೆ ಅರ್ಧ ಕೊಠಡಿ ಅಲ್ಲೇ ಬೀಳುತ್ತೆ. ಇನ್ನೊಂದು ಆಯ್ಕೆ ‘ನಲ್ ಹೈಪಾಥಿಸಿಸ್ ಅನ್ನು ಒಪ್ಪಿಕೊಳ್ಳಲಾಯಿತು’. ಅದಕ್ಕೂ ಕೈ ಹಾಕಬೇಡಿ. ನನ್ನನ್ನ ಯಾರೂ ಒಪ್ಪಲ್ಲ. ತಿರಸ್ಕರಿಸೋಕೆ ಪುರಾವೆ ಸಾಲಲಿಲ್ಲ ಅಂತಾರೆ ಅಷ್ಟೆ. ಜಾಮೀನಿನ ಮೇಲೆ ಬದುಕ್ತಾ ಇದ್ದೀನಿ.

ಟೈಪ್ ಒನ್, ಟೈಪ್ ಟೂ ಎರರ್?

ನಿರಪರಾಧಿಯಾದ ನನ್ನನ್ನ ತಿರಸ್ಕರಿಸಿದರೆ ಒಂದನೆಯದು, ಸುಳ್ಳ ನಾನು ಬಚಾವಾದರೆ ಎರಡನೆಯದು. ಈ ಪ್ರವೇಶ ಪರೀಕ್ಷೆಯನ್ನೇ ತಗೊಳ್ಳಿ, ಚೆನ್ನಾಗಿ ಅರ್ಥವಾಗುತ್ತೆ. “ಈ ಅಭ್ಯರ್ಥಿಗೆ ಸಂಶೋಧನೆ ಬರಲ್ಲ” ಅನ್ನೋದು ನಾನು. ಬರದೋರನ್ನ ಒಳಗೆ ಬಿಟ್ಟರೆ ಮೊದಲ ತಪ್ಪು, ಬರೋರನ್ನ ಹೊರಗಿಟ್ಟರೆ ಎರಡನೇ ತಪ್ಪು. ಪರೀಕ್ಷೆ ಮುಗಿದ ಮೇಲೆ ಎರಡರ ಲೆಕ್ಕ ಇಟ್ಟೋರನ್ನ ನಾನಂತೂ ನೋಡಿಲ್ಲ.

ಕಣ್ಣು ಮುಚ್ಚಿ ಓಎಂಆರ್ ತುಂಬಿ ಪಾಸಾಗೋರೂ ಇದ್ದಾರೆ ಅಂತಾರೆ.

ಸುಳ್ಳು. ನನ್ನ ಪರವಾಗಿ ಲೆಕ್ಕ ಹಾಕೋಣ. 100 ಪ್ರಶ್ನೆ ಅಂತಿಟ್ಕೊಳ್ಳಿ, ತಲಾ ನಾಲ್ಕು ಆಯ್ಕೆ, ನೆಗೆಟಿವ್ ಮಾರ್ಕ್ಸ್ ಇಲ್ಲ. ಸುಮ್ಮನೆ ಗೋಲ ಕಪ್ಪು ಮಾಡ್ತಾ ಹೋದರೆ ಸರಾಸರಿ 25 ಬರುತ್ತೆ, ಸ್ಟ್ಯಾಂಡರ್ಡ್ ಡೀವಿಯೇಷನ್ 4.3. ಸಂದರ್ಶನಕ್ಕೆ ಕರೆಯೋಕೆ ಯುಜಿಸಿ ಕೇಳೋದು ಶೇ. 50, ಮೀಸಲಾತಿಯವರಿಗೆ ಶೇ. 5 ರಿಯಾಯಿತಿ. 25ರಿಂದ 50ಕ್ಕೆ ಅದೃಷ್ಟದ ಏಣಿ ಹಾಕಿದರೆ ಎಟುಕಲ್ಲ. ಆದರೆ ಪ್ರತಿ ಪ್ರಶ್ನೆಯಲ್ಲೂ ಎರಡು ಆಯ್ಕೆ ಎದ್ದು ಕಾಣೋ ಹಾಗೆ ತಪ್ಪಾಗಿದ್ದರೆ? ಉಳಿದ ಎರಡಕ್ಕೆ ನಾಣ್ಯ ಚಿಮ್ಮಿ, ಸರಾಸರಿ 50! ಅರ್ಧ ಗೊತ್ತಿದ್ದೋನಿಗೆ ಪೂರ್ತಿ ಪಾಸು. ಅಲ್ಲಿಗೆ, ಪರೀಕ್ಷೆ ಯಾವುದನ್ನ ಅಳೀತು ಅನ್ನೋದು ಪ್ರಶ್ನೆ ತೆಗೆದವರ ಶ್ರದ್ಧೆ ಮೇಲೆ ನಿಂತಿದೆ.

ಕಾಂಕ್ರೀಟಿನವರ ಮೇಲೆ ತಮಗೇಕೆ ಇಷ್ಟು ಕೋಪ?

ಕೋಪವಲ್ಲ, ಸಲಿಗೆ. ಅವರ ಶಾಸ್ತ್ರದಲ್ಲೇ ನನ್ನ ಬಂಧುಗಳಿದ್ದಾರೆ. ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456ರಲ್ಲಿ ಎಂ25 ಅಂದ್ರೇನು? 150 ಮಿ.ಮೀ. ಕ್ಯೂಬು 28ನೇ ದಿನ ತಡೆಯೋ ಶಕ್ತಿ, ಚದರ ಮಿ.ಮೀ.ಗೆ 25 ನ್ಯೂಟನ್. ಅದಕ್ಕಿಂತ ಕೆಳಗೆ ಬೀಳೋ ಫಲಿತಾಂಶ ಶೇ. 5ಕ್ಕಿಂತ ಹೆಚ್ಚು ಇರಬಾರದು. ನೋಡಿ, ಪೂರ್ತಿ ಗ್ಯಾರಂಟಿ ಅವರೂ ಕೊಡಲ್ಲ, ಇಪ್ಪತ್ತಕ್ಕೆ ಒಂದು ಬಿಟ್ಟೇ ಮಾತಾಡ್ತಾರೆ. ಸೈಟಿನಲ್ಲಿ ಇಷ್ಟು ವಿನಯ ಇರೋ ಜನ ಪ್ರಬಂಧ ಬರೆಯೋಕೆ ಕೂತರೆ ಎಲ್ಲಿ ಹೋಗುತ್ತೋ ಗೊತ್ತಿಲ್ಲ. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಸಿಪ್ಪೆಯ ಬೂದಿ ತರ್ತಾರೆ. ಸಿಮೆಂಟಿನ ಬದಲಿಗೆ 0, 5, 10, 15, 20 ಶೇಕಡಾ. ಒಂದೊಂದಕ್ಕೆ ಮೂರು ಕ್ಯೂಬು. ಮೂರೇ! ಒಂದೇ ಮಿಶ್ರಣದ ಮೂರು ಕ್ಯೂಬಿನಲ್ಲಿ ಒಂದೊಂದು ಸರಾಸರಿಯಿಂದ ಶೇ. 15ರವರೆಗೆ ಆಚೀಚೆ ಆಗಬಹುದು ಅಂತ ಐಎಸ್ ಸಂಹಿತೆಯೇ ಒಪ್ಪುತ್ತೆ. ಇವರು ಮಾತ್ರ ಶೇ. 10ರಲ್ಲಿ ಶಕ್ತಿ ಒಂದೂವರೆ ನ್ಯೂಟನ್ ಏರಿದ್ದನ್ನ ನೋಡಿ ‘ಆಪ್ಟಿಮಮ್ ಡೋಸೇಜ್’ ಅಂತ ದಪ್ಪಕ್ಷರದಲ್ಲಿ ಬರೀತಾರೆ. ಅಷ್ಟು ವ್ಯತ್ಯಾಸ ನೀರು ಒಂದು ಚೊಂಬು ಹೆಚ್ಚುಕಮ್ಮಿ ಆದರೂ ಬರುತ್ತೆ ಅಂತ ನಾನು ಮೂಲೆಯಲ್ಲಿ ನಿಂತು ಕೆಮ್ಮಿದರೆ ಕೇಳೋರಿಲ್ಲ.

ಕಂಪ್ಯೂಟರ್ ಸೈನ್ಸಿನವರು ವಾಸಿಯೇ?

ಅವರು ಕೆಮ್ಮೋಕೂ ಬಿಡಲ್ಲ. ಕಲಿಸಿದ ಡೇಟಾದಿಂದಲೇ ಪರೀಕ್ಷೆಯನ್ನೂ ಮಾಡಿ ನಿಖರತೆ ಅಂತ ಒಂದು ದೊಡ್ಡ ಅಂಕಿ ಹಾಕಿಬಿಟ್ಟಿರ್ತಾರೆ. ಎಲೆಕ್ಟ್ರಾನಿಕ್ಸಿನವರು ಇಪ್ಪತ್ತು ಕಡೆ ಹೋಲಿಸಿ ನೋಡ್ತಾರೆ, ಒಂದರಲ್ಲಿ 0.05 ಕೆಳಗೆ ಬಂದರೆ ಅದೇ ಅಧ್ಯಾಯದ ಶೀರ್ಷಿಕೆ. ಇಪ್ಪತ್ತೂ ಕಡೆ ನಾನೇ ನಿಜವಾಗಿದ್ದರೂ, ಎಲ್ಲೋ ಒಂದು ಕಡೆ ಸುಳ್ಳು ಗಂಟೆ ಬಾರಿಸೋ ಸಾಧ್ಯತೆ ಶೇ. 64. ಉಳಿದ ಹತ್ತೊಂಬತ್ತು ಡ್ರಾಯರಿನಲ್ಲಿ ಕೊಳೀತವೆ. ರೊಸೆಂಥಾಲ್ ಅಂತ ಮನಃಶಾಸ್ತ್ರಜ್ಞ 1979ರಲ್ಲೇ ಇದಕ್ಕೆ ‘ಫೈಲ್ ಡ್ರಾಯರ್’ ಸಮಸ್ಯೆ ಅಂತ ಹೆಸರಿಟ್ಟಿದ್ದಾರೆ. ಅದೂ ಪರೀಕ್ಷೆಗೆ ಬರುತ್ತೆ, ಓದ್ಕೊಳ್ಳಿ. ಪಾಸಾದ ಮೇಲೆ ಡ್ರಾಯರ್ ಬೀಗ ಹಾಕ್ಕೊಳ್ಳಿ.

ಕನ್ನಡನಾಡಿಗೂ ತಮಗೂ ನಂಟಿದೆಯೇ?

ಚೆನ್ನಾಗಿ ಕೇಳಿದಿರಿ. ಈಗ ವಿಜಯನಗರ ಜಿಲ್ಲೆಗೆ ಸೇರಿರೋ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್, ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದ್ದು ಇದೇ ಫಿಶರ್ ಕೈಕೆಳಗೆ. ತಮಾಷೆ ಏನು ಗೊತ್ತೇ? ಅವರ ಹೆಸರನ್ನ ಲೋಕದ ಪುಸ್ತಕಗಳಲ್ಲೆಲ್ಲ ಹಾಕಿಸಿದ ಕ್ರಾಮರ್–ರಾವ್ ಮಿತಿ ಬಂದಿದ್ದು ಪಿಎಚ್.ಡಿ.ಗೆ ಮೊದಲೇ, 1945ರಲ್ಲಿ, ಕೋಲ್ಕತ್ತದ ಗಣಿತ ಸಂಘದ ಬುಲೆಟಿನ್ನಿನಲ್ಲಿ. ಈಗ ಆ ಲೇಖನ ಹಿಡ್ಕೊಂಡು ವಿಭಾಗದ ಮುಖ್ಯಸ್ಥರ ಮುಂದೆ ನಿಂತಿದ್ದರೆ, “ಸ್ಕೋಪಸ್‌ನಲ್ಲಿದೆಯೇನ್ರಿ? ಕ್ಯೂ ಒನ್ನೋ ಕ್ಯೂ ಟೂನೋ?” ಅಂತಿದ್ದರು. ಇಲ್ಲ ಅಂದಿದ್ದರೆ ಫೈಲು ವಾಪಸ್ಸು.

ಪತ್ರಿಕೆಯಲ್ಲಿ ಪ್ರಕಟಿಸಲೇಬೇಕು ಅನ್ನೋ ಕಡ್ಡಾಯವನ್ನ ಯುಜಿಸಿ 2022ರ ನಿಯಮದಲ್ಲಿ ತೆಗೆದಿದೆಯಲ್ಲ?

ಯುಜಿಸಿ ತೆಗೆದಿದೆ, ಕಾಲೇಜಿನ ಗೋಡೆ ಮೇಲಿನ ಪಟ್ಟಿ ತೆಗೆದಿಲ್ಲ.

ಓದುವವರಿಗೆ ಉಪಯೋಗವಾಗುವ ಮಾತೊಂದು ಹೇಳಿ.

ಯಾರು ಏನು ಕಂಡುಹಿಡಿದರು ಅನ್ನೋ ಪಟ್ಟಿಯನ್ನ ಕೊನೇ ದಿನಕ್ಕೆ ಬಿಡಿ. ಟಿ ಟೆಸ್ಟ್ ಬರೆದ ‘ಸ್ಟೂಡೆಂಟ್’ ಯಾರು ಅಂತ ಕೇಳ್ತಾರೆ: ಗಾಸೆಟ್, 1908, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ. ಸರಿ, ಆದರೆ ಅವನಿಗೆ ಆ ಟೆಸ್ಟ್ ಯಾಕೆ ಬೇಕಾಯ್ತು? ಕೈಗೆ ಸಿಗ್ತಾ ಇದ್ದಿದ್ದು ನಾಲ್ಕಾರು ಸ್ಯಾಂಪಲ್ಲು ಮಾತ್ರ. ಅದನ್ನ ಹಿಡ್ಕೊಂಡರೆ ಮೂವತ್ತರ ಕೆಳಗೆ ಟಿ, ಮೇಲೆ ಝಡ್ ಅಂತ ಉರು ಹೊಡೆಯೋದು ತಪ್ಪುತ್ತೆ. ತಾಗುಚಿಯ ಎಲ್9 ಪಟ್ಟಿಯೂ ಹಾಗೇ. ನಾಲ್ಕು ಅಂಶ, ಮೂರು ಹಂತ, ಎಲ್ಲ ಮಾಡಿದರೆ 81 ಪ್ರಯೋಗ. ಒಂಬತ್ತರಲ್ಲೇ ಹೇಗೆ ಮುಗಿಸಿದ, ಮುಗಿಸುವಾಗ ಏನನ್ನ ಬಿಟ್ಟುಕೊಟ್ಟ ಅಂತ ಕಾಗದದ ಮೇಲೆ ಬಿಡಿಸಿ ನೋಡಿ. ಬಿಟ್ಟುಕೊಟ್ಟಿದ್ದರ ಬಗ್ಗೆ ಪ್ರಶ್ನೆಪತ್ರಿಕೆಯಲ್ಲಿ ಯಾರೂ ಕೇಳಲ್ಲ, ಸಂದರ್ಶನದಲ್ಲಿ ಕೇಳಿದರೂ ಕೇಳಬಹುದು.

ಸಂದರ್ಶನಕ್ಕೂ ಶೇ. 30ರ ತೂಕ ಇದೆಯಲ್ಲ. ಅಲ್ಲಿ ತಮ್ಮ ಪ್ರಸ್ತಾಪ ಬರುತ್ತದೆಯೇ?

ಒಂದು ಸಲ ಬಂತು. ಎಲ್ಲಿ ಅಂತ ಕೇಳಬೇಡಿ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಅಭ್ಯರ್ಥಿಗೆ ಕೇಳಿದರು: “ಬೂದಿ ಬೆರೆಸಿದರೂ ಬೆರೆಸದಿದ್ದರೂ ಏನೂ ವ್ಯತ್ಯಾಸವಿಲ್ಲ ಅಂತ ಬಂದರೆ ಏನು ಮಾಡ್ತೀರಿ?” ನಾನು ಕಿವಿ ನಿಮಿರಿಸಿ ಕೂತೆ. ಆತ “ಹಾಗೇ ಬರೀತೀನಿ ಸರ್” ಅಂದ. ಜೀವಮಾನದಲ್ಲಿ ಮೊದಲ ಸಲ ನನಗೊಬ್ಬ ವಕೀಲ ಸಿಕ್ಕ! ಸಮಿತಿಯವರು ಮುಖ ಮುಖ ನೋಡ್ಕೊಂಡರು. ಅಧ್ಯಕ್ಷರು ಕನ್ನಡಕ ತೆಗೆದು, “ಹಾಗಾದ್ರೆ ಥೀಸಿಸ್ ಮುಗಿಸೋದು ಹೇಗ್ರಿ?” ಅಂದರು.

ಅವನೇನಂದ?

“ಶೇ. 10ರ ಬದಲು 12 ಹಾಕಿ ನೋಡ್ತೀನಿ ಸರ್.” ಸೀಟು ಸಿಕ್ಕಿತು.